ಪೋಲು ತಡೆಯಲು ಬಂದ ಸಾಹೇಬರು

ಇಟ್ಟಂಗಿ ಒಡೆದರೆ ಚೂರಾದರೂ ಕೆಲಸಕ್ಕೆ ಬರುತ್ತದೆ. ಸಿಮೆಂಟು ಗಟ್ಟಿಯಾದರೆ ಗೇಟಿನ ಮುಂದಿನ ತಗ್ಗಿಗೆ ಹಾಕಬಹುದು. ಆದರೆ ಹೊಸದಾಗಿ ಬುದ್ಧಿ ಕಲಿತು ಬಂದ ಮನುಷ್ಯನನ್ನು ಎಲ್ಲಿ ಹಾಕಬೇಕು ಎನ್ನುವುದು ಇಪ್ಪತ್ತು ವರ್ಷ ಕಟ್ಟಡದ ಮೇಲ್ವಿಚಾರಣೆ ಮಾಡಿದರೂ ನನಗೆ ತಿಳಿದಿಲ್ಲ. ವರ್ಷಕ್ಕೊಬ್ಬರಾದರೂ ಇಂಥವರು ನನ್ನ ಪಾಲಿಗೆ ಬಂದೇ ಬರುತ್ತಾರೆ. ಈ ಸಲ ಬಂದವರದ್ದು ಮಾತ್ರ ಹೇಳಿಯೇ ಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ.

ಯಲಬುರ್ಗಾ ಊರಾಚೆ ಹೆಣ್ಣುಮಕ್ಕಳ ಹಾಸ್ಟೆಲು ಕಟ್ಟುತ್ತಿದ್ದೆವು. ಗುತ್ತಿಗೆ ಹಿಡಿದವರು ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರ್ರು. ಅವರು ಬೆಂಗಳೂರಿಗೆ ಹೋದಾಗ ಯಾವುದೋ ಸಭೆಯಲ್ಲಿ ‘ಲೀನ್’ ಎಂಬ ಪದ್ಧತಿಯ ಬಗ್ಗೆ ಕೇಳಿಕೊಂಡು ಬಂದರು. ಕಟ್ಟಡದ ಕೆಲಸದಲ್ಲಿ ಪೋಲಾಗುವ ಸಾಮಾನು, ಪೋಲಾಗುವ ವೇಳೆ, ಪೋಲಾಗುವ ಓಡಾಟ ಎಲ್ಲವನ್ನೂ ತಡೆಯುವ ಪದ್ಧತಿ. ಪದ್ಧತಿಯ ಮೇಲೆ ನನಗೇನೂ ಸಿಟ್ಟಿಲ್ಲ. ಉಸುಕು ಮಳೆಯಲ್ಲಿ ಹರಿದು ಹೋಗುವುದನ್ನು, ಲಾರಿಯಿಂದ ಎಸೆದ ಇಟ್ಟಂಗಿ ಪುಡಿಯಾಗುವುದನ್ನು ಕಣ್ಣಾರೆ ಕಂಡವನು ನಾನು. ನನ್ನ ಸಿಟ್ಟೆಲ್ಲ ಆ ಪದ್ಧತಿಯನ್ನು ತಲೆ ಮೇಲೆ ಹೊತ್ತು ತಂದ ತರಬೇತಿ ಸಾಹೇಬರ ಮೇಲೆ. ಸಾಹುಕಾರ್ರಿಗೆ ಲೀನ್ ಜಾರಿ ಮಾಡಿದ ಸರ್ಟಿಫಿಕೇಟು ಬೇಕಿತ್ತು, ಸಾಹೇಬರಿಗೆ ಪ್ರಯೋಗಕ್ಕೆ ಒಂದು ಕಟ್ಟಡ ಬೇಕಿತ್ತು, ನಡುವೆ ನಾವು ಸಿಕ್ಕಿಬಿದ್ದೆವು.

ಇನ್ನೊಬ್ಬರ ಪರಿಚಯ ಹೇಳಬೇಕು. ನಮ್ಮ ಹಿರಿಯ ಗೌಂಡಿ, ಕೊಪ್ಪಳದ ಪಕ್ಕದ ಭಾಗ್ಯನಗರದವರು, ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಕರಣೆ ಹಿಡಿದು ನಲವತ್ತು ವರ್ಷ. ಗಿಲಾವು ಮಾಡುವಾಗ ಗೋಡೆಯ ಬುಡಕ್ಕೆ ಗೋಣಿತಟ್ಟು ಹಾಸಿ, ಉದುರಿದ ಸಿಮೆಂಟು ಮಾಲನ್ನು ಅಲ್ಲಿಂದಲ್ಲೇ ಎತ್ತಿ ಗೋಡೆಗೆ ಹಾಕುವವರು. ಡೊಂಕು ಮೊಳೆ ಕಂಡರೆ ಬಡಿದು ನೆಟ್ಟಗೆ ಮಾಡಿ ಡಬ್ಬಿಗೆ ಹಾಕುವವರು. ಒಡೆದ ಇಟ್ಟಂಗಿ ಒಂದನ್ನೂ ಬಿಡದೆ ಮೊದಲ ದಿನದಿಂದ ಹಿತ್ತಲಲ್ಲಿ ಗುಡ್ಡೆ ಹಾಕಿದ್ದರು. ಕೇಳಿದರೆ, “ಅದು ಮಾಳಿಗಿದು ಸರ್. ಸ್ಲ್ಯಾಬಿನ ಮ್ಯಾಲ ಈ ಚೂರು ಹಾಸಿ ಇಳಿಜಾರು ಮಾಡಿದ್ರ ಒಂದು ಹನಿ ನೀರು ನಿಲ್ಲಂಗಿಲ್ಲ. ಗ್ವಾಡಿ ಡೊಂಕಾದ್ರ ಗಿಲಾವು ಮುಚ್ಚತೈತಿ, ಮಾಳಿಗಿ ಸೋರಿದ್ರ ನನ್ನ ಹೆಸರು ಯಾರೂ ಮುಚ್ಚಂಗಿಲ್ರಿ. ಹೆಣ್ಣುಮಕ್ಕಳು ಮಲಗೂ ಜಾಗ ಇದು” ಅನ್ನುತ್ತಿದ್ದರು. ಆ ಮಾಳಿಗೆಯನ್ನು ತಮ್ಮ ಕೈಯಿಂದಲೇ ಮುಗಿಸಬೇಕು ಎಂಬ ಒಂದೇ ಆಸೆ ಅವರಿಗೆ. ಪೋಲು ತಡೆಯುವ ಪದ್ಧತಿ ಬಂದದ್ದೇ ಬಂದದ್ದು, ಮೊದಲು ಕುತ್ತು ಬಂದದ್ದು ಅವರಿಗೇ.

೧. ಕಾಯುವುದರ ಪಾಠ

ಮೊದಲ ತರಬೇತಿ ಕೊಪ್ಪಳದ ಒಂದು ಸಭಾಭವನದಲ್ಲಿ. ಒಂಬತ್ತಕ್ಕೆ ಹಾಜರಿರಬೇಕು ಎಂದು ಅಪ್ಪಣೆ. ಕೆಲಸ ನಿಲ್ಲಿಸಿ, ಎರಡು ಟೆಂಪೋ ತುಂಬ ಜನರನ್ನು ಯಲಬುರ್ಗಾದಿಂದ ಹೊತ್ತು ತಂದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಕೂರಿಸಿದೆ. ಹತ್ತಾಯಿತು, ಹನ್ನೊಂದಾಯಿತು. ಸಾಹೇಬರು ಲಾಡ್ಜಿನಲ್ಲಿ ಕಾರಿಗಾಗಿ ಕಾಯುತ್ತಿದ್ದರು. ಕಾರು ಸಾಹುಕಾರ್ರಿಗಾಗಿ ಕಾಯುತ್ತಿತ್ತು. ಸಾಹುಕಾರ್ರು ಹೂವಿನ ಅಂಗಡಿ ಮುಂದೆ, ಸಾಹೇಬರ ಕೊರಳಿಗೆ ಹಾಕುವ ಹಾರ ಕಟ್ಟುವ ತನಕ ಕಾಯುತ್ತಿದ್ದರು.

ಹನ್ನೆರಡೂವರೆಗೆ ಸಾಹೇಬರು ಬಂದರು. ಹಾರ, ಶಾಲು, ದೀಪ ಎಲ್ಲ ಮುಗಿಸಿ ಮೈಕು ಹಿಡಿದು ಹೇಳಿದರು: “ಪೋಲುಗಳು ಒಟ್ಟು ಏಳು. ಅವುಗಳಲ್ಲಿ ಬಹಳ ದೊಡ್ಡದು ಕಾಯುವುದು. ಕೆಲಸಗಾರ ಸುಮ್ಮನೆ ಕಾಯುತ್ತ ಕೂತ ಪ್ರತಿಯೊಂದು ನಿಮಿಷವೂ ಅಪರಾಧ.”

ಚಾಚಾ ಎದ್ದು ನಿಂತರು. “ಸಾಹೇಬ್ರ, ನಾವು ಮುಂಜಾನಿಂದ ಇಲ್ಲೇ ಕುಂತೀವಲ್ರಿ, ಅದು ಯಾವ ಲೆಕ್ಕಕ್ಕ?”

ಸಾಹೇಬರು ನಕ್ಕು, “ಅದು ತರಬೇತಿಯ ಭಾಗ” ಎಂದರು.

ಶಾಸ್ತ್ರ ಹೇಳುವುದು, ಬದನೆಕಾಯಿ ತಿನ್ನುವುದು. ಅಷ್ಟರಲ್ಲಿ ಊಟದ ಹೊತ್ತಾಯಿತು. ಏಳು ಪೋಲುಗಳಲ್ಲಿ ನಾಲ್ಕನ್ನು ಹೇಳಿ, ಉಳಿದ ಮೂರನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಇಂಗ್ಲಿಷಿನ ಕಾಗದ ಹಂಚಿದರು. ಬುಟ್ಟಿ ಹೊರುವ ಹೆಂಗಸರು ಅದರಲ್ಲಿ ಎಲೆ ಅಡಿಕೆ ಕಟ್ಟಿಕೊಂಡರು. ವಾಪಸು ಬರುವಾಗ ಟೆಂಪೋದಲ್ಲಿ ಚಾಚಾ ಹೇಳಿದರು:

“ಮುಂದಿನ ಸಲ ಕಾಯೂದರ ಪಾಠ ಇದ್ರ ನಾವ ಮಧ್ಯಾನ್ಹ ಮ್ಯಾಲ ಹೋಗೂಣ್ರಿ ಸರ್. ಸಾಹೇಬ್ರೂ ಒಂದೀಟು ಕಲೀಲಿ.”

೨. ಹಾರಿಹೋದ ಚೀಟಿಗಳು

ಎರಡನೆಯ ವಾರ ಬಯಲಲ್ಲೊಂದು ದೊಡ್ಡ ಪ್ಲೈವುಡ್ ಹಲಗೆ ನಿಂತಿತು. ಮುಂದಿನ ದಿನಗಳಲ್ಲಿ ಯಾರು ಯಾವ ಕೆಲಸ ಮುಗಿಸುತ್ತಾರೆ ಎನ್ನುವುದನ್ನು ಬಣ್ಣ ಬಣ್ಣದ ಚೀಟಿಯಲ್ಲಿ ಬರೆದು, ಸಾಲಾಗಿ ಅದಕ್ಕೆ ಅಂಟಿಸಬೇಕು. ಸಾಹೇಬರು ಕೊಪ್ಪಳದಲ್ಲಿ ಕೂತು ಹಲಗೆಯ ಫೋಟೋ ನೋಡಿ, ಗಂಗಾವತಿಯ ಆಫೀಸಿಗೆ ಕಳಿಸುವುದು. ಆಫೀಸಿನವರು ಅದರ ಪ್ರಕಾರ ಸಾಮಾನು ಕಳಿಸುವುದು. ಸಾಮಾನು ಮೊದಲೇ ಬಂದು ಬೀಳಬಾರದು, ತಡವೂ ಆಗಬಾರದು. ಕೇಳಲು ಚೆನ್ನಾಗಿಯೇ ಇತ್ತು.

ಆದರೆ ಯಲಬುರ್ಗಾ, ಕುಷ್ಟಗಿ ಸೀಮೆಯ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದವರು ಅಂದಚಂದಕ್ಕೆ ನಿಲ್ಲಿಸಿಲ್ಲ. ಮಧ್ಯಾಹ್ನದ ಗಾಳಿಗೆ ನಮ್ಮ ಯೋಜನೆಯೆಲ್ಲ ಎದ್ದು ಪಕ್ಕದ ಸಜ್ಜೆ ಹೊಲಕ್ಕೆ ಹೋಯಿತು. ಇಬ್ಬರು ಹೆಂಗಸರು ಬೇಲಿ ಸಂದಿಯಿಂದ, ತೆನೆ ನಡುವಿನಿಂದ ಚೀಟಿ ಆರಿಸಿ ತಂದು ಕಾವಲುಗಾರನ ಕೈಗೆ ಕೊಟ್ಟರು. ಆತನಿಗೆ ಓದು ಬಾರದು, ಆದರೆ ಅಚ್ಚುಕಟ್ಟಿನ ಮನುಷ್ಯ. ಹಳದಿಯವನ್ನೆಲ್ಲ ಒಂದು ಕಡೆ, ಹಸಿರಿನವನ್ನೆಲ್ಲ ಒಂದು ಕಡೆ, ಗುಲಾಬಿಯವನ್ನೆಲ್ಲ ಒಂದು ಕಡೆ ನೀಟಾಗಿ ಅಂಟಿಸಿ, ದಿನದಂತೆ ಫೋಟೋ ಹೊಡೆದು ಕಳಿಸಿದ.

ಐದು ನಿಮಿಷದಲ್ಲಿ ಸಾಹೇಬರ ಉತ್ತರ ಬಂತು: “ಅದ್ಭುತ! ಇವತ್ತು ನಿಮ್ಮ ತಂಡಕ್ಕೆ ಪದ್ಧತಿ ಅರ್ಥವಾಗಿದೆ.”

ಮೂರನೆಯ ದಿನ ಗಂಗಾವತಿಯಿಂದ ಟೈಲ್ಸಿನ ಲಾರಿ ಬಂದು ನಿಂತಿತು. ಆಗ ನಾವು ಕಟ್ಟಿದ್ದು ಬುನಾದಿ ಮಾತ್ರ.

ಡ್ರೈವರ್ ಇಳಿದು ಸುತ್ತ ನೋಡಿದ. “ಸರ್, ಬಾತ್‌ರೂಮಿನ ಟೈಲ್ಸ್ ಅದಾವ್ರಿ. ಬಾತ್‌ರೂಮ್ ಎಲ್ಲೈತ್ರಿ?”

ನನಗೆ ಮೈಯೆಲ್ಲ ಉರಿಯುತ್ತಿತ್ತು. “ನೀ ನಿಂತೀಯಲ್ಲಪಾ, ಅದ” ಎಂದೆ.

ಪಾಪ, ಆತ ಬೆಚ್ಚಿಬಿದ್ದು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದ. ಸರಿದದ್ದು ಅಡುಗೆಮನೆಗೆ.

೩. ಅಮಾಸಿ ದಿನದ ಸ್ಲ್ಯಾಬು

ಗೋಡೆ ಎದ್ದವು. ಸ್ಲ್ಯಾಬು ಹಾಕುವ ದಿನವನ್ನು ಸಾಹೇಬರ ಕಂಪ್ಯೂಟರು ಗೊತ್ತು ಮಾಡಿತು. ಚಾಚಾ ತಮ್ಮ ಗೋಡೆ ಕ್ಯಾಲೆಂಡರು ನೋಡಿ ಬಂದು, “ಅವತ್ತು ಅಮಾಸಿ ಐತ್ರಿ ಸಾಹೇಬ್ರ, ಯಾರೂ ಬರಂಗಿಲ್ಲ” ಎಂದರು.

“ಯೋಜನೆಯಲ್ಲಿ ಮೂಢನಂಬಿಕೆಗೆ ಜಾಗವಿಲ್ಲ.”

“ನಂಬಿಕಿ ನಂದಲ್ರಿ, ನಾ ನಮಾಜ್ ಮಾಡಾಂವ. ಆದ್ರ ಬುಟ್ಟಿ ಹೊರೋರು, ಮಿಶಿನ್ ನಡಸಾಂವ, ಲಾರಿ ಡ್ರೈವರ್ ಎಲ್ಲಾರೂ ಅಮಾಸಿ ಹಿಡಿಯೋರ ಅದಾರ. ಶುಕ್ರವಾರ ಮಧ್ಯಾನ್ಹ ಒಂದು ತಾಸು ನಾ ಬಿಡ್ತೀನಿ, ಅಮಾಸಿ ದಿನ ಅವರು ಬಿಡ್ತಾರ. ನಲವತ್ತು ವರ್ಷದಿಂದ ಹಿಂಗ ನಡದೈತಿ.”

ಸಾಹೇಬರು ಕೇಳಲಿಲ್ಲ. ಆ ದಿನ ಬೆಳಗ್ಗೆ ಹೆಲ್ಮೆಟ್ ಹಾಕಿಕೊಂಡು ಬಂದು ನಿಂತರು. ಅಲ್ಲಿದ್ದದ್ದು ಅವರು, ಅವರ ಕಾರಿನ ಡ್ರೈವರು, ಚಾಚಾ ಮತ್ತು ನಾನು. ಕಾಂಕ್ರೀಟು ಕಲಸುವ ಮಿಶಿನ್ನಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು, ಅದನ್ನು ನಡೆಸುವವನು ಹೋಳಿಗೆ ಊಟಕ್ಕೆ ಮನೆಗೆ ಹೋಗಿದ್ದ. ಸಾಹೇಬರು ಹತ್ತು ಜನಕ್ಕೆ ಫೋನು ಮಾಡಿದರು. ಹತ್ತೂ ಜನ, “ನಾಳಿ ಬರ್ತೀವ್ರಿ” ಎಂದರು. ಕೊನೆಗೆ ಅವರ ಡ್ರೈವರೇ ತಲೆ ಕೆರೆಯುತ್ತ ಬಂದ.

“ಸರ್, ನಾನೂ ಗಾಡಿಗಿ ನಿಂಬಿಹಣ್ಣು ಕಟ್ಟಿಸ್ಕೊಂಡು ಬಂದು ಬಿಡ್ತೀನ್ರಿ.”

ಹೋದವನು ಬಂದದ್ದು ಸಂಜೆ ನಾಲ್ಕಕ್ಕೆ. ಅಲ್ಲಿಯವರೆಗೆ ಸಾಹೇಬರು ಕಾಂಕ್ರೀಟು ಕಾಣದ ಸೆಂಟ್ರಿಂಗಿನ ನೆರಳಲ್ಲಿ ಚಾಚಾನ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ತಿಂದು ಕೂತಿದ್ದರು. ‘ವಿಳಂಬಕ್ಕೆ ಕಾರಣ’ ಎಂಬ ಫಾರಮ್ಮು ತುಂಬಬೇಕಲ್ಲ? ಅದರಲ್ಲಿ ಸಾಮಾನು, ಯಂತ್ರ, ಕೂಲಿಯಾಳು, ಹವಾಮಾನ ಎಂದು ನಾಲ್ಕೇ ಕಾರಣ ಇದ್ದವು. ಸಾಹೇಬರು ಬಹಳ ಹೊತ್ತು ಪೆನ್ನು ಕಚ್ಚಿ, ಆಕಾಶ ನೋಡಿ, ಹವಾಮಾನಕ್ಕೆ ಗುರುತು ಹಾಕಿದರು.

೪. ಐದು ಸಲ ಯಾಕೆ

ಯಾವ ತಪ್ಪಾದರೂ ಐದು ಸಲ ‘ಯಾಕೆ’ ಎಂದು ಕೇಳುತ್ತ ಹೋದರೆ ಮೂಲ ಸಿಗುತ್ತದಂತೆ. ಒಂದು ದಿನ ಕಲಸಿದ ಮಾಲು ಬುಟ್ಟಿಯಲ್ಲೇ ಗಟ್ಟಿಯಾಗಿ ಕೂತಿತ್ತು. ಸಾಹೇಬರಿಗೆ ಹಬ್ಬ. ಎಲ್ಲರನ್ನೂ ಹಲಗೆಯ ಮುಂದೆ ನಿಲ್ಲಿಸಿ ಶುರು ಮಾಡಿದರು.

“ಮಾಲು ಯಾಕೆ ಗಟ್ಟಿಯಾಯಿತು?”

“ಯಾರೂ ಬಳಸ್ಲಿಲ್ರಿ” ಎಂದರು ಚಾಚಾ.

“ಯಾಕೆ ಬಳಸಲಿಲ್ಲ?”

“ಗೌಂಡಿಗಳು ಗ್ವಾಡಿ ಹತ್ರ ಇರ್ಲಿಲ್ರಿ.”

“ಯಾಕಿರಲಿಲ್ಲ?”

“ನಿನ್ನಿ ಎಲ್ಲಾರೂ ಇಲ್ಲಿ ಮೀಟಿಂಗಿನ್ಯಾಗ ನಿಂತಿದ್ವಿ.”

“ಯಾಕೆ ಮೀಟಿಂಗು?”

“ನೀವ ಕರದಿದ್ರಿ.”

“ನಾನು ಯಾಕೆ ಕರೆದಿದ್ದೆ?”

“ಮೊನ್ನಿ ಮಾಲು ಯಾಕ ಗಟ್ಟಿ ಆತು ಅಂತ ಕೇಳಾಕ.”

ಸಾಹೇಬರು ಬೆರಳು ಮಡಚಿ ಐದು ಎಣಿಸಿದರು. ಅಷ್ಟರಲ್ಲಿ ಚಾಚಾ ಮೆಲ್ಲಗೆ, “ನಾವಿನ್ನ ಹೋಗೂಣೇನ್ರಿ? ಇವತ್ತಿಂದೂ ಗಟ್ಟಿ ಆಗಾಕ ಹತ್ತೈತಿ” ಎಂದರು.

ನಾವೆಲ್ಲ ನಕ್ಕೆವು. ನಗಬಾರದಿತ್ತು. ಸಾಹೇಬರು ನಗಲಿಲ್ಲ, ಚಾಚಾನನ್ನೇ ನೋಡುತ್ತಿದ್ದರು.

೫. ಕೆಂಪು ಚೀಟಿ

ಸ್ಲ್ಯಾಬು ಮುಗಿಯಿತು, ಗಿಲಾವು ನಡೆದಿತ್ತು. ಸರ್ಟಿಫಿಕೇಟು ಕೊಡುವ ತಪಾಸಣೆಯವರು ಬರುವುದು ಹತ್ತಿರವಾಯಿತು. ಆಗ ಸಾಹೇಬರು ಕೊನೆಯ ಅಸ್ತ್ರ ತೆಗೆದರು. ತಿಂಗಳಿಂದ ಬಳಸದೆ ಬಿದ್ದ ಪ್ರತಿಯೊಂದು ವಸ್ತುವಿಗೂ ಕೆಂಪು ಚೀಟಿ ಅಂಟಿಸಬೇಕು. ಕೆಂಪು ಚೀಟಿ ಅಂಟಿತೆಂದರೆ ಅದು ಪೋಲು, ಮರುದಿನ ಅದು ಅಂಗಳದಲ್ಲಿ ಇರಕೂಡದು.

ಮೊದಲ ಚೀಟಿ ಬಿದ್ದದ್ದೇ ಚಾಚಾನ ಇಟ್ಟಂಗಿ ಚೂರಿನ ಗುಡ್ಡೆಗೆ. ಒಂದು ಕೋಲಿಗೆ ಚೀಟಿ ಕಟ್ಟಿ ಗುಡ್ಡೆಯ ನೆತ್ತಿಗೆ ಸಿಗಿಸಿದರು. ಅದು ಮಾಳಿಗೆಗೆ ಬೇಕು ಎಂದು ನಾನು ಹೇಳಿದೆ. “ಮಾಳಿಗೆಯ ಕೆಲಸ ಬಂದಾಗ ಮಾಳಿಗೆಯ ಸಾಮಾನು ಬರುತ್ತದೆ” ಎಂದರು.

ಅದೇ ದಿನ ಸಿಮೆಂಟು ಮುಗಿದಿತ್ತು. ದಾಸ್ತಾನು ಇಡುವುದೂ ಪೋಲು ಎಂದು ಉಗ್ರಾಣ ತೆಗೆಸಿದ್ದರಲ್ಲ? ಗಂಗಾವತಿಯ ಆಫೀಸಿನಿಂದ ಮೆಸೇಜು ಬರಲಿಲ್ಲವೆಂದು ಸಿಮೆಂಟಿನ ಲಾರಿ ಕೊಪ್ಪಳದಲ್ಲೇ ನಿಂತಿತ್ತು. ಕೆಲಸವೇ ಇಲ್ಲ. ಅಷ್ಟರಲ್ಲಿ ಊಟಕ್ಕೆ ಹೋದ ಸಾಹೇಬರ ಕಾರು ವಾಪಸು ಬರುವುದು ಕಂಡಿತು. ಜನ ಜಾಣರು. ದಡದಡ ಎದ್ದು, ಎಡಕ್ಕಿದ್ದ ಉಸುಕಿನ ರಾಶಿಯನ್ನು ಬುಟ್ಟಿಯಲ್ಲಿ ಹೊತ್ತು ಬಲಕ್ಕೆ ಸುರಿಯತೊಡಗಿದರು. ಸಾಹೇಬರು ಮೆಚ್ಚಿ ತಲೆದೂಗಿದರು. ಹಿಂದಿನ ವಾರ ಇದೇ ಜನ ಇದೇ ಉಸುಕನ್ನು ಬಲದಿಂದ ಎಡಕ್ಕೆ ಹಾಕಿದ್ದರು, ಆಗಲೂ ಮೆಚ್ಚಿದ್ದರು.

ಚಾಚಾ ಒಬ್ಬರೇ ಬೇವಿನ ಗಿಡದ ಕೆಳಗೆ ಬುಟ್ಟಿ ಬೋರಲು ಹಾಕಿ ಕೂತಿದ್ದರು.

“ನೀವು ಯಾಕೆ ಕೂತಿದ್ದೀರಿ?”

“ಸಿಮೆಂಟ್ ಬಂದಿಲ್ರಿ ಸಾಹೇಬ್ರ.”

“ಉಳಿದವರು ಕೆಲಸ ಮಾಡುತ್ತಿಲ್ಲವಾ?”

“ಅದು ಕೆಲಸಲ್ರಿ, ಆಟ. ನನಗ ಆಡಾಕ ವಯಸ್ಸಿಲ್ಲ.”

ಸಾಹೇಬರು ನನ್ನ ಕಡೆ ತಿರುಗಿ, “ಇವರ ಹೆಸರು ಬರೆಯಿರಿ, ಕೆಂಪು ಚೀಟಿಯಲ್ಲಿ” ಎಂದರು. ಸಾಹುಕಾರ್ರಿಗೆ ಫೋನು ಮಾಡಿದೆ. “ಸಾಹೇಬ್ರು ಹೇಳಿದ ಮ್ಯಾಲ ಮುಗೀತಪಾ. ತಪಾಸಣಿ ತಲಿ ಮ್ಯಾಲ ಐತಿ. ಸರ್ಟಿಫಿಕೇಟ್ ಬರೂತನಾ ಚಾಚಾ ಮನ್ಯಾಗ ಇರ್ಲಿ, ಮುಂದ ನೋಡೂಣು” ಎಂದು ಇಟ್ಟುಬಿಟ್ಟರು.

ಬರೆದವನು ನಾನೇ. ನನ್ನ ಕೈಯಿಂದಲೇ. ಊರಿಗೆಲ್ಲ ಬಯ್ಯುವ ಈ ಬಾಯಿ ಆವತ್ತು ಒಂದು ಮಾತು ಆಡಲಿಲ್ಲ, ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ. ಚಾಚಾ ಚೀಟಿ ತೆಗೆದುಕೊಂಡು, “ಇದು ನಂದೇನ್ರಿ?” ಎಂದು ಅಂಗಿಯ ಜೇಬಿಗೆ ಸಿಗಿಸಿಕೊಂಡರು. ಕರಣೆಯನ್ನು ಗೋಣಿತಟ್ಟಿನಲ್ಲಿ ಸುತ್ತಿದರು. ಹೋಗುವಾಗ ತಿರುಗಿ, “ಸರ್, ನಾ ಹೋದ್ರ ಹೋಗ್ಲಿ. ಆ ಗುಡ್ಡಿ ಒಂದು ಕಳಸಬ್ಯಾಡ್ರಿ” ಎಂದರು.

ಮರುದಿನ ಅಳವಂಡಿಯ ಟ್ರ್ಯಾಕ್ಟರಿನವನು ಬಂದು ಗುಡ್ಡೆಯನ್ನು ಕೋಲಿನ ಸಮೇತ ಹೊತ್ತುಕೊಂಡು ಹೋದ. ಆ ಜಾಗದಲ್ಲಿ ಸಾಹೇಬರು ‘ಇಲ್ಲಿ ಪೋಲು ಇಲ್ಲ’ ಎಂಬ ಬೋರ್ಡು ನೆಡಿಸಿದರು.

೬. ಎರಡು ಸಾಮಾನು

ವಾರ ಕಳೆಯಿತು, ಮಾಳಿಗೆಯ ಕೆಲಸ ಬಂತು. ನಕ್ಷೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಸ್ಲ್ಯಾಬಿನ ಮೇಲೆ ಇಟ್ಟಂಗಿ ಚೂರು ಹಾಸಬೇಕು. ಸಾಹೇಬರು ಆಫೀಸಿಗೆ ಬರೆದರು. ಆಫೀಸಿನವರಿಗೆ ಚೂರು ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲ. ಒಂದು ಲಾರಿ ಹೊಸ ಇಟ್ಟಂಗಿ ಕಳಿಸಿದರು, ಜೊತೆಗೆ ಎಂಟು ಸುತ್ತಿಗೆ.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವವರನ್ನು ಕೇಳಿದ್ದೇವೆ. ಬೆಣ್ಣೆಯನ್ನು ಊರಾಚೆ ಎಸೆದು, ಮತ್ತೆ ಹಾಲು ಕರೆಯಲು ಕೂತವರನ್ನು ನಾನು ಕಂಡದ್ದು ಆವತ್ತೇ. ‘ಇಲ್ಲಿ ಪೋಲು ಇಲ್ಲ’ ಬೋರ್ಡಿನ ಕೆಳಗೆ ಎಂಟು ಹೆಂಗಸರು ಕೂತು ಹೊಚ್ಚಹೊಸ ಇಟ್ಟಂಗಿಯನ್ನು ಟಣ್ ಟಣ್ ಒಡೆಯತೊಡಗಿದರು. ಒಬ್ಬಾಕೆ ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದಳು:

“ಸರ್, ಇಳಸುವಾಗ ಒಂದು ಇಟ್ಟಂಗಿ ಒಡದ್ರ ಬೈತಿದ್ರಿ. ಈಗ ಒಡೀಲಿಲ್ಲಂದ್ರ ಬೈತೀರಿ. ಯಾವುದಾದ್ರೂ ಒಂದು ಹೇಳ್ರಿ.”

ಎರಡು ದಿನ ಒಡೆದರೂ ಮಾಳಿಗೆಯ ಒಂದು ಮೂಲೆ ತುಂಬಲಿಲ್ಲ. ಪಡುವಣ ದಿಕ್ಕಿಗೆ ಮೋಡ ಕಟ್ಟಿತ್ತು, ಮಳೆ ಬಂದರೆ ನೀರು ಬರಿಯ ಸ್ಲ್ಯಾಬಿನ ಮೇಲೆ ನಿಂತು ಕೆಳಗೆ ಇಳಿಯುವುದು ಖಂಡಿತ. ತಪಾಸಣೆ ಮರುದಿನವೇ ಇತ್ತು. ಉಳಿದ ಗೌಂಡಿಗಳು, “ಇಳಿಜಾರು ಕೂಡಿಸೂದು ಚಾಚಾನ ಕೈಯಾಗಿನ ಕೆಲಸ, ನಾವು ಹಚ್ಚಿ ಸೋರಿದ್ರ ನಮ್ಮನ್ನ ಬೈಬ್ಯಾಡ್ರಿ” ಎಂದು ಕೈಚೆಲ್ಲಿದರು.

ನಾನು ಯಾರನ್ನೂ ಕೇಳದೆ ಭಾಗ್ಯನಗರಕ್ಕೆ ಫೋನು ಮಾಡಿದೆ. ತಪ್ಪಾಯಿತು ಚಾಚಾ ಎಂದೆ. ಅವರು ಕೇಳಿದ್ದು ಒಂದೇ ಮಾತು:

“ಗುಡ್ಡಿ ಐತೇನ್ರಿ?”

“ಅಳವಂಡಿ ಟ್ರ್ಯಾಕ್ಟರ್‌ನಾಂವ ಒಯ್ದ ಚಾಚಾ.”

ಫೋನು ಇಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಹನ್ನೊಂದಕ್ಕೆ ತಪಾಸಣೆಯವರು ಮೂವರು ಬಂದರು. ಸಾಹುಕಾರ್ರು ಗಂಗಾವತಿಯಿಂದ ಹಾರ ಹಿಡಿದು ಮೊದಲೇ ಬಂದಿದ್ದರು. ಸಾಹೇಬರು ಬೋರ್ಡು ತೋರಿಸಿ, “ನಮ್ಮಲ್ಲಿ ಕೆಂಪು ಚೀಟಿ ಅಂಟಿದ್ದು ಮತ್ತೆ ಈ ಗೇಟಿನೊಳಗೆ ಬರುವುದಿಲ್ಲ” ಎಂದರು.

ಮಾತು ಮುಗಿಯುವ ಮೊದಲೇ ಗೇಟಿನೊಳಗೆ ಟ್ರ್ಯಾಕ್ಟರ್ ಬಂತು. ಟ್ರೇಲರಿನ ತುಂಬ ನಮ್ಮದೇ ಇಟ್ಟಂಗಿ ಚೂರು. ಅದರ ನೆತ್ತಿಗೆ ಅದೇ ಕೋಲು, ಅದೇ ಕೆಂಪು ಚೀಟಿ. ಟ್ರ್ಯಾಕ್ಟರಿನವನ ಪಕ್ಕ, ಗಾಲಿಯ ಮೇಲಿನ ಸೀಟಿನಲ್ಲಿ, ಗೋಣಿತಟ್ಟು ತೊಡೆಯ ಮೇಲಿಟ್ಟುಕೊಂಡು ಚಾಚಾ. ಬೆಳಗಿನ ಮೊದಲ ಬಸ್ಸಿಗೆ ಅಳವಂಡಿಗೆ ಹೋಗಿ, ದನದ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಗುಡ್ಡೆಯನ್ನು ಹುಡುಕಿ, ನಿಂತು ತುಂಬಿಸಿಕೊಂಡು ಬಂದಿದ್ದರು. ನನಗೆ ಕಣ್ಣು ಮಂಜಾಯಿತು. ಸುಳ್ಳು ಯಾಕೆ ಹೇಳಲಿ, ಅಲ್ಲೇ ಸಿಳ್ಳೆ ಹಾಕಬೇಕು ಅನ್ನಿಸಿತು.

ತಪಾಸಣೆಯ ಹಿರಿಯರು, “ಇದೇನು?” ಎಂದರು.

ಸಾಹೇಬರ ತಲೆ ಎಂಥದ್ದು ನೋಡಿ. ಟ್ರೇಲರಿನ ಕಡೆ ಕೈ ತೋರಿಸಿ, “ಮರುಬಳಕೆ ಸರ್. ಬೇಡದ್ದು ಹೊರಗೆ ಹೋಗುತ್ತದೆ, ಬೇಕಾದ ದಿನ ಸರಿಯಾಗಿ ಒಳಗೆ ಬರುತ್ತದೆ. ಎಲ್ಲ ಯೋಜನೆಯ ಪ್ರಕಾರ” ಎಂದರು. ಮೂವರೂ ಬರೆದುಕೊಂಡರು. ಅಷ್ಟಕ್ಕೇ ನಿಂತಿದ್ದರೆ ಸಾಹೇಬರು ಗೆಲ್ಲುತ್ತಿದ್ದರು. ಆದರೆ ಹಿರಿಯರ ಕಣ್ಣು ಚಾಚಾನ ಜೇಬಿನ ಮೇಲೆ ಬಿತ್ತು. ಅಲ್ಲೂ ಒಂದು ಕೆಂಪು ಚೀಟಿ ಇತ್ತು, ನನ್ನ ಅಕ್ಷರದಲ್ಲಿ.

“ಮತ್ತೆ ಇವರು?”

ಚಾಚಾ ನಿಧಾನವಾಗಿ ಇಳಿದು, ಎಲ್ಲರಿಗೂ ಸಲಾಮು ಮಾಡಿದರು.

“ನಾನೂ ಅದರಾಗ ಬರ್ತೀನ್ರಿ ಸಾಹೇಬ್ರ. ಕೆಂಪು ಚೀಟಿ ಸಾಮಾನು ಎರಡ ಇದ್ವು, ಎರಡೂ ವಾಪಸ್ ಬಂದಾವ. ಮ್ಯಾಲ ಯಾವುದನ್ನ ಮೊದಲು ಏರಸೂಣ್ರಿ, ಗುಡ್ಡಿನೋ ನನ್ನೋ?”

ಹಾರ ಹಿಡಿದಿದ್ದ ಸಾಹುಕಾರ್ರು ಒಮ್ಮೆ ಮೋಡ ನೋಡಿದರು, ಒಮ್ಮೆ ಮಾಳಿಗೆ ನೋಡಿದರು. ಅಕ್ಕಿ ಗಿರಣಿ ನಡೆಸಿದವರು, ಯಾವುದು ಅಕ್ಕಿ ಯಾವುದು ತೌಡು ಎನ್ನುವುದು ತಡವಾಗಿಯಾದರೂ ತಿಳಿಯುತ್ತದೆ.

“ಚಾಚಾ, ಮೊದಲು ನೀವ ಏರ್ರಿ” ಎಂದು, ಪಕ್ಕಕ್ಕೆ ತಿರುಗಿದರು. “ಸಾಹೇಬ್ರ, ನೀವು ಒಂದೀಟು ಏಣಿ ಹಿಡಕೋರಿ.”

ಎಂಟು ತಿಂಗಳಲ್ಲಿ ಸಾಹೇಬರು ನಮ್ಮ ಕಟ್ಟಡಕ್ಕೆ ಕೈ ಹಚ್ಚಿ ಮಾಡಿದ ಕೆಲಸ ಅದೊಂದೇ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಏಣಿ ಚೆನ್ನಾಗಿಯೇ ಹಿಡಿದಿದ್ದರು.